ವಿದೇಶಿ ಸೇನೆಗೆ ಜಾಗ ಸಿಗುತ್ತದೋ ಇಲ್ಲವೋ: ಸಹಿಯ ದಾರಿ ಹಿಡಿದು ಹಾಕಿದ ಲೆಕ್ಕ

ಒಂದು ದೇಶ ತನ್ನ ನೆಲದಲ್ಲಿ ಪರದೇಶದ ಪಡೆ ಇಳಿಯಲು ಬಿಡುತ್ತದೋ ಇಲ್ಲವೋ ಅನ್ನುವುದಕ್ಕೆ ಲೆಕ್ಕ ಹಾಕಲಾಗದು, ಅದೆಲ್ಲ ನಾಯಕರ ಮರ್ಜಿ ಎಂದವರೇ ಹೆಚ್ಚು. ಲೆಕ್ಕ ಹಾಕಬಹುದು. ಆದರೆ ಹಳೆಯ ಪ್ರಕರಣಗಳನ್ನು ಪಟ್ಟಿ ಮಾಡಿ ‘ಹೌದು’ ಎನ್ನುವ ಸಾಧ್ಯತೆ ಎಷ್ಟೆಂದು ಹೇಳುವ ಆ ಲೆಕ್ಕ ಕೂಡಿಬಂದದ್ದು ಮೂರನೇ ಮಾದರಿಯಲ್ಲಿ. ಮೊದಲೆರಡು ಹಾಳಾದ ಬಗೆಯನ್ನೇ ಇಲ್ಲಿ ಹೆಚ್ಚು ಬರೆದಿದ್ದೇನೆ, ಏಕೆಂದರೆ ಎಲ್ಲರೂ ಎಡವುವುದು ಅಲ್ಲಿಯೇ.

ಮೊದಲ ಮಾದರಿಯ ಪಟ್ಟಿಯಲ್ಲಿ ಪ್ರತಿ ಸಾಲೂ ‘ದೇಶ-ವರ್ಷ’, ಅಂದರೆ ಒಂದು ದೇಶದ ಒಂದು ವರ್ಷ. ಜರ್ಮನಿ, ಜಪಾನ್, ದಕ್ಷಿಣ ಕೊರಿಯಾ ವರ್ಷವರ್ಷವೂ ‘ಹೌದು’ ಎಂದು ತುಂಬಿಕೊಂಡವು. ನಿಖರತೆ ಶೇ. 98ರ ಹತ್ತಿರ ಬಂತು, ಉಪಯೋಗ ಸೊನ್ನೆ. ಕಳೆದ ವರ್ಷದ ಉತ್ತರವನ್ನೇ ಈ ವರ್ಷವೂ ಒಪ್ಪಿಸಿದರೆ ಯಾರಿಗಾದರೂ ಅಷ್ಟು ಅಂಕ ಸಿಗುತ್ತದೆ. ಕ್ಯೂಬಾದಲ್ಲಿರುವ ಅಮೆರಿಕದ ನೆಲೆ ಗ್ವಾಂಟನಾಮೊ ಕೂಡ ಅದರಲ್ಲಿ ‘ಅನುಮತಿ ಇದೆ’ ಎಂದೇ ಕೂತಿತ್ತು. 1903ರ ಗುತ್ತಿಗೆ, 1934ರ ಒಪ್ಪಂದ, ಎರಡೂ ಕಡೆ ಒಪ್ಪದೆ ಮುಗಿಯದ ಷರತ್ತು. ಅದು ಅನುಮತಿಯಲ್ಲ, ಹಳೆಯ ಕಾಗದ.

ಹಾಗಾಗಿ ಸಾಲು ಎಂದರೆ ‘ಒಂದು ಕೋರಿಕೆ’: ಯಾರು ಕೇಳಿದರು, ಯಾರನ್ನು ಕೇಳಿದರು, ಏನು ಕೇಳಿದರು, ಯಾವ ದಿನದೊಳಗೆ ಉತ್ತರ ಬೇಕಿತ್ತು. ‘ಏನು’ ಎಂಬುದಕ್ಕೆ ಐದು ಬಗೆ: ಆಕಾಶದಲ್ಲಿ ಹಾದುಹೋಗುವುದು, ನೆಲದ ಮೇಲೆ ಸಾಗಣೆ, ಸರದಿಯ ಮೇಲೆ ಬಂದುಹೋಗುವ ಪಡೆ, ಕಾಯಂ ನೆಲೆ, ಆ ನೆಲದಿಂದಲೇ ಯುದ್ಧಕ್ಕೆ ಹೊರಡುವುದು. ಇವನ್ನು ಒಂದೇ ಮೂಟೆ ಕಟ್ಟಿದರೆ ಲೆಕ್ಕ ಅಲ್ಲಿಗೇ ಕೆಟ್ಟಿತು. ಟರ್ಕಿಯ ಸಂಸತ್ತು 2003ರ ಮಾರ್ಚ್ 1ರಂದು ಅಮೆರಿಕದ ಪಡೆಗೆ ದಾರಿ ಕೊಡಲಿಲ್ಲ. ಮಾರ್ಚ್ 20ರಂದು ಆಕಾಶ ಬಿಟ್ಟುಕೊಟ್ಟಿತು. 1986ರಲ್ಲಿ ಸ್ಪೇನ್ ತನ್ನಲ್ಲಿ ಅಮೆರಿಕದ ನೆಲೆಗಳನ್ನು ಇಟ್ಟುಕೊಂಡೇ, ಲಿಬಿಯಾ ಮೇಲಿನ ದಾಳಿಗೆ ಹಾದುಹೋಗಲು ಬಿಡಲಿಲ್ಲ. ಫ್ರಾನ್ಸ್ ಕೂಡ ಬಿಡಲಿಲ್ಲ, ಬ್ರಿಟನ್‌ನಿಂದ ಹೊರಟ ವಿಮಾನಗಳು ಸುತ್ತುಹಾಕಿ ಹೋದವು.

ದೊಡ್ಡ ತಲೆನೋವು ‘ಇಲ್ಲ’ ಎಂಬ ಸಾಲುಗಳದು. ನಿರಾಕರಣೆ ಸುದ್ದಿಯಾಗುವುದೇ ಕಡಿಮೆ. ಸಿಗಲಾರದು ಅನ್ನಿಸಿದರೆ ಕೇಳುವುದೇ ಇಲ್ಲ. ಅವುಗಳನ್ನು ಹೆಕ್ಕಲು ನಡೆದ ದಾರಿ: ಒಪ್ಪಂದಗಳ ಸಂಗ್ರಹದಲ್ಲಿ ಅವಧಿ ಮುಗಿದು ನವೀಕರಣವಾಗದ ಕಾಗದಗಳು, ಸಂಸತ್ತಿನ ನಡಾವಳಿ, ನಿವೃತ್ತ ರಾಯಭಾರಿಗಳ ನೆನಪುಗಳು. ಒಟ್ಟು 210ರ ಆಸುಪಾಸು ಸಾಲು ಸಿಕ್ಕವು, ಅದರಲ್ಲಿ ‘ಇಲ್ಲ’ 40ರ ಆಚೀಚೆ. ‘ಹೌದು’ ಆಗುವ ಸಾಧ್ಯತೆ ಎಲ್ಲದಕ್ಕೂ 0.8 ಎಂದು ಕಣ್ಣುಮುಚ್ಚಿ ಬರೆದರೆ ಬ್ರಿಯರ್ ಸ್ಕೋರ್ (ಹೇಳಿದ ಸಾಧ್ಯತೆಗೂ ನಡೆದದ್ದಕ್ಕೂ ಇರುವ ಅಂತರದ ವರ್ಗದ ಸರಾಸರಿ, ಕಡಿಮೆಯಿದ್ದಷ್ಟೂ ಒಳ್ಳೆಯದು) 0.16ರ ಹತ್ತಿರ ಬರುತ್ತದೆ. ಅದಕ್ಕಿಂತ ಕೆಳಗಿಳಿಯದ ಮಾದರಿ ಕಸ.

ಎರಡನೆಯದು ಕಸವೇ ಆಯಿತು: 0.19. ಅದರಲ್ಲಿ ಮೈತ್ರಿ, ಜನಾಭಿಪ್ರಾಯ, ನೆರವಿನ ಹಣ, ವಿಶ್ವಸಂಸ್ಥೆಯಲ್ಲಿ ಹಾಕಿದ ಮತ ಎಲ್ಲ ಇತ್ತು. ಖರ್ಚಿನ ಮೂರರಲ್ಲಿ ಎರಡು ಪಾಲು ಸುದ್ದಿ ಸಂಗ್ರಹದ ಚಂದಾಕ್ಕೂ ಸಮೀಕ್ಷೆಗಳಿಗೂ ಹೋಯಿತು, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಉಳಿದ ಒಂದು ಪಾಲನ್ನು ಸಂವಿಧಾನದ ವಿಧಿ ಮತ್ತು ಸಂಸತ್ತಿನ ನಿಯಮಾವಳಿ ಓದಿಸಲು ಅನುವಾದಕರಿಗೆ ಕೊಟ್ಟದ್ದು. ಗಿಟ್ಟಿದ್ದು ಅದೊಂದೇ. ಸೇನೆಗಳ ಸಂಖ್ಯೆ, ಒಪ್ಪಂದಗಳ ಪಟ್ಟಿ, ಪ್ರಜಾಪ್ರಭುತ್ವದ ಸೂಚ್ಯಂಕ ಎಲ್ಲ ಬಿಟ್ಟಿ ಸಿಗುತ್ತವೆ, ಅದಕ್ಕೆ ಕಾಸು ಬಿಚ್ಚಬೇಡಿ.

ಮೂರನೆಯದರಲ್ಲಿ ಪ್ರಶ್ನೆಯನ್ನೇ ಬದಲಿಸಿದೆ. ‘ಕೊಡಲು ಮನಸ್ಸಿದೆಯೇ’ ಎಂದು ಕೇಳುವುದನ್ನು ಬಿಟ್ಟು ‘ಯಾರ ಸಹಿ ಬೇಕು, ಎಷ್ಟು ಮತ ಬೇಕು, ಸಂಸತ್ತನ್ನು ತಪ್ಪಿಸುವ ಪಕ್ಕದ ಬಾಗಿಲು ಇದೆಯೇ’ ಎಂದು ಕೇಳಿದೆ. ಟರ್ಕಿಯನ್ನೇ ನೋಡಿ. ಪರ 264, ವಿರುದ್ಧ 250, ತಟಸ್ಥ 19. ಪರ ಮತವೇ ಹೆಚ್ಚು, ಆದರೂ ಬಿದ್ದುಹೋಯಿತು. ಹಾಜರಿದ್ದ 533 ಮಂದಿಯಲ್ಲಿ 267 ಬೇಕಿತ್ತು. ತಟಸ್ಥರು ಅಲ್ಲಿ ವಿರೋಧಿಗಳಿಗೆ ಸಮ. ನಿಯಮ ಓದದವರಿಗೆ ಅದು ಅನಿರೀಕ್ಷಿತ, ಓದಿದವರಿಗೆ ಅಂಚಿನ ಲೆಕ್ಕ. 1991ರಲ್ಲಿ ಫಿಲಿಪೀನ್ಸ್ ಸೆನೆಟ್ ನೆಲೆಗಳ ಒಪ್ಪಂದವನ್ನು 12–11ರಿಂದ ತಳ್ಳಿಹಾಕಿತು ಎನ್ನುತ್ತಾರೆ, ಒಂದೇ ಮತದ ಅಂತರ ಎಂಬಂತೆ. ನಿಜವಾಗಿ ಬೇಕಿದ್ದುದು ಮೂರನೇ ಎರಡರಷ್ಟು, ಅಂದರೆ 16. ಐದು ಮತ ಕಡಿಮೆ.

ಪಕ್ಕದ ಬಾಗಿಲಿನ ಪಾಠವೂ ಅಲ್ಲೇ ಸಿಕ್ಕಿತು. ವಿದೇಶಿ ಪಡೆಗೆ ಸೆನೆಟ್ ಒಪ್ಪಿದ ಒಪ್ಪಂದ ಬೇಕು ಎನ್ನುತ್ತದೆ ಫಿಲಿಪೀನ್ಸಿನ 1987ರ ಸಂವಿಧಾನ. ಅಮೆರಿಕದ ಜೊತೆಗಿನ 2014ರ ರಕ್ಷಣಾ ಸಹಕಾರ ಒಪ್ಪಂದವನ್ನು ಮಾತ್ರ ಸರ್ಕಾರ 1998ರ ಭೇಟಿ ಪಡೆಗಳ ಒಪ್ಪಂದದ ಮುಂದುವರಿಕೆ ಎಂದು ತೋರಿಸಿ ಸೆನೆಟ್‌ಗೆ ಒಯ್ಯಲೇ ಇಲ್ಲ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸರಿ ಎಂದಿತು. ಇರಾಕಿನದೂ ಅದೇ ಕಥೆ: 2011ರಲ್ಲಿ ಸೈನಿಕರಿಗೆ ಕಾನೂನಿನ ರಕ್ಷೆ ಸಂಸತ್ತಿನಿಂದಲೇ ಬರಬೇಕು ಎಂದು ಅಮೆರಿಕ ಹಟ ಹಿಡಿಯಿತು, ಸಂಸತ್ತಿಗೆ ಅದನ್ನು ಒಯ್ಯಲು ಯಾರಿಗೂ ಧೈರ್ಯವಿರಲಿಲ್ಲ, ಪಡೆ ಹೊರಟಿತು. 2014ರಲ್ಲಿ ಐಸಿಸ್ ಮೊಸುಲ್ ಹಿಡಿದಾಗ ರಾಜತಾಂತ್ರಿಕ ಪತ್ರಗಳ ವಿನಿಮಯದಲ್ಲೇ ಅದೇ ರಕ್ಷೆ ಸಿಕ್ಕಿತು. ಅದೇ ದೇಶ, ಅದೇ ಸಂಸತ್ತು, ಬಾಗಿಲು ಬೇರೆ. ಆದ್ದರಿಂದ ‘ಸಂಸತ್ತಿನ ಒಪ್ಪಿಗೆ ಬೇಕೇ’ ಎಂಬ ಕಾಲಂಗಿಂತ ‘ಸಂಸತ್ತನ್ನು ತಪ್ಪಿಸಿ ಹೋದ ಹಳೆಯ ಉದಾಹರಣೆ ಇದೆಯೇ’ ಎಂಬ ಕಾಲಂ ಹೆಚ್ಚು ಕೆಲಸ ಮಾಡುತ್ತದೆ.

ಸಂವಿಧಾನದಲ್ಲಿ ನಿಷೇಧ ಇದ್ದರೆ ಸಾಧ್ಯತೆ 0.05 ಎಂದು ಮೊದಲು ಬರೆದಿದ್ದೆ. ತಪ್ಪು. ಉಕ್ರೇನ್ ಸಂವಿಧಾನದ 17ನೇ ವಿಧಿ ವಿದೇಶಿ ನೆಲೆ ಕೂಡದು ಎನ್ನುತ್ತಿತ್ತು. ಆಗಲೇ ಇದ್ದ ನೆಲೆಗಳು ಗುತ್ತಿಗೆಯ ಮೇಲೆ ಉಳಿಯಬಹುದು ಎಂಬ ಸಂಕ್ರಮಣ ಕಾಲದ ಷರತ್ತನ್ನು ಹಿಡಿದು 2010ರ ಏಪ್ರಿಲ್‌ನಲ್ಲಿ ರಷ್ಯಾದ ಕಪ್ಪು ಸಮುದ್ರ ನೌಕಾಪಡೆಗೆ 2042ರವರೆಗೆ ಸೆವಾಸ್ತೋಪೋಲ್ ಬಂದರು ಕೊಟ್ಟರು, ಬದಲಿಗೆ ಅನಿಲದ ಬೆಲೆಯಲ್ಲಿ ರಿಯಾಯಿತಿ. ಮಾಲ್ಡೋವಾದ 11ನೇ ವಿಧಿಯೂ ಹಾಗೆಯೇ ನಿಷೇಧಿಸುತ್ತದೆ, ಆದರೂ ಅದರಿಂದ ಬೇರೆಯಾಗಿ ನಿಂತ ಟ್ರಾನ್ಸ್‌ನಿಸ್ಟ್ರಿಯಾದಲ್ಲಿ ರಷ್ಯದ ಪಡೆ ಕೂತೇ ಇದೆ. (ಅದು ಒಪ್ಪಿಗೆಯಿಲ್ಲದ ಇರುವಿಕೆ, ಸಾಲಿನಿಂದ ತೆಗೆದುಹಾಕಿ.) ನಿಷೇಧಕ್ಕೆ ನಿಜವಾದ ತೂಕ ಬರುವುದು ಪಕ್ಕದ ಬಾಗಿಲೂ ಇಲ್ಲದೆ, ಅದನ್ನು ತೆಗೆಯಲು ಜನರ ಮತವೇ ಬೇಕಾದಾಗ. ಈಕ್ವೆಡಾರ್ 2008ರ ಸಂವಿಧಾನದಲ್ಲಿ ನಿಷೇಧ ಬರೆಯಿತು, 2009ರಲ್ಲಿ ಮಾಂತಾದ ಅಮೆರಿಕದ ನೆಲೆ ಖಾಲಿಯಾಯಿತು. 2025ರ ನವೆಂಬರ್‌ನಲ್ಲಿ ಅದನ್ನು ತೆಗೆಯಲು ಜನಮತ ಕೇಳಿದಾಗ ಜನ ಬೇಡ ಎಂದರು.

ಬೆದರಿಕೆಯ ಕಾಲಂ ಚಿಕ್ಕದು, ಆದರೆ ಎಲ್ಲವನ್ನೂ ಮುಳುಗಿಸಬಲ್ಲದು. 1990ರ ಆಗಸ್ಟ್ 2ರಂದು ಕುವೈತ್ ಇರಾಕಿನ ಕೈಗೆ ಬಿತ್ತು, 6ರಂದು ಅಮೆರಿಕದ ಪಡೆಗೆ ಸೌದಿ ದೊರೆ ಹೂಂ ಎಂದರು. ಒಬ್ಬರ ಸಹಿ, ಗಡಿಯಲ್ಲೇ ಶತ್ರು. ಸ್ವೀಡನ್‌ಗೆ ಹೆಚ್ಚು ಸಮಯ ಹಿಡಿಯಿತು, ಕೊನೆಗೆ 2024ರ ಜೂನ್‌ನಲ್ಲಿ ಅಮೆರಿಕದ ಪಡೆಗೆ ಜಾಗ ಕೊಡುವ ಒಪ್ಪಂದ ಸಂಸತ್ತಿನಲ್ಲಿ 266–37ರಿಂದ ಪಾಸಾಯಿತು. ಈ ಕಾಲಂಗೆ ತಿಂಗಳ ಲೆಕ್ಕದಲ್ಲಿ ಸವಕಳಿ ಇಡಬೇಕು, ಭಯ ಹಳಸುತ್ತದೆ. ಎಷ್ಟು ಸವಕಳಿ ಎಂಬ ಸಂಖ್ಯೆಯನ್ನು ಮಾತ್ರ ಇಲ್ಲಿ ಹಾಕುವುದಿಲ್ಲ, ಅದನ್ನು ಹೊಂದಿಸಲು ತಗಲಿದ ಶ್ರಮ ನನಗೇ ಗೊತ್ತು.

ಹೊರದಬ್ಬುವುದಕ್ಕೆ ಬೇರೆಯೇ ಮಾದರಿ ಬೇಕು. ಒಳಬಿಡುವ ಲೆಕ್ಕದ ಚಿಹ್ನೆ ತಿರುಗಿಸಿದರೆ ಸಾಕೆಂದು ಹೊರಟು ಕೈಸುಟ್ಟುಕೊಂಡೆ. ನೋಟಿಸ್ ಕೊಟ್ಟ ಮಾತ್ರಕ್ಕೆ ಪಡೆ ಹೊರಡುವುದಿಲ್ಲ. ಕಿರ್ಗಿಸ್ತಾನ 2009ರ ಫೆಬ್ರವರಿಯಲ್ಲಿ ಅಮೆರಿಕದ ಮನಾಸ್ ನೆಲೆ ಮುಚ್ಚುತ್ತೇವೆ ಎಂದಿತು; ಜೂನ್‌ನಲ್ಲಿ ವರ್ಷದ ಬಾಡಿಗೆ 1.74 ಕೋಟಿ ಡಾಲರಿನಿಂದ 6 ಕೋಟಿಗೆ ಏರಿತು, ನೆಲೆಗೆ ‘ಸಾಗಣೆ ಕೇಂದ್ರ’ ಎಂಬ ಹೊಸ ಬೋರ್ಡು ಬಿತ್ತು, 2014ರವರೆಗೆ ನಡೆಯಿತು. ಉಜ್ಬೇಕಿಸ್ತಾನ 2005ರ ಜುಲೈನಲ್ಲಿ ಕಾರ್ಶಿ-ಖಾನಾಬಾದ್ ನೆಲೆ ಬಿಡಲು ಅಮೆರಿಕಕ್ಕೆ 180 ದಿನ ಕೊಟ್ಟಿತು, ಪಡೆ ನವೆಂಬರಿಗೇ ಹೊರಟಿತು. ವ್ಯತ್ಯಾಸ ಒಂದೇ: ಮೊದಲನೆಯದು ಬಾಡಿಗೆಯ ಜಗಳ, ಎರಡನೆಯದು ಗದ್ದುಗೆಯ ಭಯ. ಅದೇ ವರ್ಷದ ಮೇ ತಿಂಗಳಲ್ಲಿ ಉಜ್ಬೇಕಿಸ್ತಾನದ ಅಂದಿಜಾನ್ ಊರಿನಲ್ಲಿ ಪ್ರತಿಭಟನಕಾರರ ಮೇಲೆ ಸರ್ಕಾರದ ಪಡೆ ನಡೆಸಿದ ಗೋಲಿಬಾರ್ ಬಗ್ಗೆ ಅಮೆರಿಕ ತನಿಖೆ ಕೇಳಿತ್ತು. ಪಡೆ ಕಳಿಸಿದವರೇ ತನ್ನ ಕುರ್ಚಿಗೆ ಕುತ್ತು ಎಂದು ನಾಯಕನಿಗೆ ಅನ್ನಿಸಿದರೆ ಹಣ ಏರಿಸಿ ಫಲವಿಲ್ಲ. ಹಾಗಾಗಿ ನೋಟಿಸ್ ಸಾಲಿಗೆ ‘ಬಾಡಿಗೆ/ಗದ್ದುಗೆ’ ಎಂಬ ಒಂದು ಕಾಲಂ, ಕೈಯಿಂದಲೇ ತುಂಬಬೇಕು. ಇಬ್ಬರು ಬೇರೆಬೇರೆಯಾಗಿ ತುಂಬಿ ಹೋಲಿಸಿದರೆ ಒಳ್ಳೆಯದು. ಸಂಸತ್ತಿನ ಬರೀ ನಿರ್ಣಯಕ್ಕೆ ತೀರಾ ಕಡಿಮೆ ತೂಕ: 2020ರ ಜನವರಿಯಲ್ಲಿ ಇರಾಕ್ ಸಂಸತ್ತು ವಿದೇಶಿ ಪಡೆ ಹೊರಹೋಗಲಿ ಎಂದು ಮತ ಹಾಕಿತು, ಪಡೆ ಅಲ್ಲೇ ಉಳಿಯಿತು.

ಸುರಿದ ಹಣ ನೋಡಿ ‘ಇನ್ನು ಬಿಡುವುದಿಲ್ಲ’ ಎಂದು ಬರೆಯಬಾರದು ಎಂಬುದಕ್ಕೆ ನೈಜರ್ ಸಾಕು. ಅಗಾಡೆಜ್‌ನ ವಾಯುನೆಲೆಗೆ ಅಮೆರಿಕದವರು ಸುಮಾರು 11 ಕೋಟಿ ಡಾಲರ್ ಹಾಕಿದ್ದರು. 2023ರ ಜುಲೈನಲ್ಲಿ ಸೇನಾ ದಂಗೆಯಲ್ಲಿ ಸರ್ಕಾರ ಉರುಳಿತು, 2024ರ ಮಾರ್ಚ್‌ನಲ್ಲಿ ಒಪ್ಪಂದ ರದ್ದು, ಸೆಪ್ಟೆಂಬರಿಗೆ ಅಮೆರಿಕದ ಪಡೆ ಖಾಲಿ.

ಪಕ್ಕದಲ್ಲಿ ಮಾಡಿದ ಒಂದು ಪ್ರಯೋಗ: ನಾಯಕರ ಭಾಷಣಗಳಲ್ಲಿ ‘ಸಾರ್ವಭೌಮತ್ವ’ ಎಷ್ಟು ಸಲ ಬಂತು ಎಂದು ಎಣಿಸಿದೆ. ದಂಡ. ಕೊಡುವವರೂ ಅದನ್ನೇ ಹೇಳುತ್ತಾರೆ, ಕೊಡದವರೂ ಅದನ್ನೇ. ಆದರೆ ‘ಕಾಯಂ ನೆಲೆ ಇರುವುದಿಲ್ಲ’ ಎಂಬ ಮಾತು ಕೇಳಿದರೆ ಕಿವಿ ನಿಮಿರಿಸಿ. ಅದು ಬಹುಪಾಲು ನಿರಾಕರಣೆಯಲ್ಲ, ಸರದಿ ಪಡೆಗೆ ಹಾಸುತ್ತಿರುವ ಚಾಪೆ. ಇನ್ನೊಂದು ಸುಳಿವು ಟೆಂಡರ್ ಕಾಗದಗಳಲ್ಲಿದೆ. ಯಾವ ಬಗೆಯ ಟೆಂಡರ್ ಎಂಬುದು ನನ್ನಲ್ಲೇ ಇರಲಿ.

ಪರೀಕ್ಷಿಸುವಾಗ ಸಾಲುಗಳನ್ನು ಕಲಸಿ ಹಂಚಬೇಡಿ. ಒಂದೇ ದೇಶದ ಸಾಲು ಎರಡೂ ಕಡೆ ಬಿದ್ದರೆ ಅಂಕ ಸುಳ್ಳೇ ಏರುತ್ತದೆ. ದೇಶವನ್ನು ಇಡಿಯಾಗಿ ಹೊರಗಿಟ್ಟು ನೋಡಿ. ಇಷ್ಟು ಕಡಿಮೆ ‘ಇಲ್ಲ’ಗಳಿಗೆ ಆರೇಳು ಕಾಲಂಗಿಂತ ಹೆಚ್ಚು ಹಾಕಿದರೆ ಮಾದರಿ ಬಾಯಿಪಾಠ ಮಾಡುತ್ತದೆ, ಸಾದಾ ಲಾಜಿಸ್ಟಿಕ್ ರಿಗ್ರೆಷನ್‌ಗೆ ದಂಡಕಟ್ಟು (ಕಾಲಂಗಳ ತೂಕ ಮಿತಿಮೀರದಂತೆ ಹಾಕುವ ಕಡಿವಾಣ) ಹಾಕಿದ್ದೇ ಸಾಕಾಯಿತು, ‘ರ‍್ಯಾಂಡಮ್ ಫಾರೆಸ್ಟ್’ನಂಥ ಮರಗಳ ಕಾಡೆಲ್ಲ ಬೇಕಾಗಲಿಲ್ಲ. ಹಾಗೆ ದೇಶ ಹೊರಗಿಟ್ಟು ನೋಡಿದಾಗಲೂ ಮೂರನೇ ಮಾದರಿಯ ಬ್ರಿಯರ್ ಸ್ಕೋರ್ 0.11ರ ಹತ್ತಿರ ಬಂತು.

ಇನ್ನೂ ಕಾಡುವುದು ಮಾಲ್ಡೀವ್ಸ್‌ನಂಥ ಸಾಲು. 2024ರ ಮೇ 10ರೊಳಗೆ ಭಾರತದ ಸೈನಿಕರು ಹೋಗಬೇಕೆಂದು ಅಲ್ಲಿನ ಸರ್ಕಾರ ಹೇಳಿತು, ಅವರು ಹೋದರು. ಅದೇ ಹೆಲಿಕಾಪ್ಟರ್, ಅದೇ ಡಾರ್ನಿಯರ್ ವಿಮಾನ ನೋಡಿಕೊಳ್ಳಲು ಭಾರತದ್ದೇ ತಂತ್ರಜ್ಞರು ಬಂದರು, ಸಮವಸ್ತ್ರವಿಲ್ಲದೆ. ಹೌದೋ ಇಲ್ಲವೋ? ಅರ್ಧ ಅಂಕ ಕೊಡುವ ಆಸೆಯಾಯಿತು, ಕೊಡಲಿಲ್ಲ. ‘ಸಮವಸ್ತ್ರದ ಪಡೆ’ ಒಂದು ಸಾಲು, ‘ಸಲಕರಣೆ ಮತ್ತು ಸಿಬ್ಬಂದಿ’ ಇನ್ನೊಂದು ಸಾಲು ಮಾಡಿದೆ; ಮೊದಲನೆಯದಕ್ಕೆ ಸೊನ್ನೆ, ಎರಡನೆಯದಕ್ಕೆ ಒಂದು.