ಕಂತಿನಲ್ಲಿ ಬರುವ ಸತ್ಯ

"ಅಡಿಕೆ ಮಂಡೀಲಿ ಇಟ್ಟಿದ್ದೀನಿ, ರೇಟ್ ಬರ್ಲಿ." ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಸಾಲ ಮುಚ್ಚಿಡುವ ಸುಳ್ಳು ಎಷ್ಟೋ ಮನೆಗಳಲ್ಲಿ ಈ ಮಾತಿನಿಂದ ಶುರುವಾಗುತ್ತದೆ. ಅಡಿಕೆ ಆಗಲೇ ಮಾರಿಯಾಗಿರುತ್ತದೆ, ದುಡ್ಡು ಮಂಡಿಯಿಂದ ತಂದ ಹಳೆಯ ಮುಂಗಡಕ್ಕೆ ವಜಾ ಆಗಿರುತ್ತದೆ. ಮರುವರ್ಷ ಅದೇ ಸುಳ್ಳಿಗೆ ಕೊಳೆರೋಗದ ನೆಪ, ಅದರಾಚೆಯ ವರ್ಷ ಎಲೆಚುಕ್ಕಿ. ಸಮಾಲೋಚನೆಗೆ ಬಂದು ಕೂರುವ ಹೊತ್ತಿಗೆ ಸಾಲ ಎಷ್ಟು, ಸುಳ್ಳು ಎಷ್ಟು ಎಂಬ ಲೆಕ್ಕ ಹೇಳಿದವನಿಗೇ ತಪ್ಪಿರುತ್ತದೆ.

ಇವರನ್ನು ಮೋಸಗಾರರೆಂದುಕೊಂಡರೆ ಕೆಲಸ ಕೆಡುತ್ತದೆ. ನಾನು ನೋಡುವ ಹೆಚ್ಚಿನವರು ಲಾಭಕ್ಕಲ್ಲ, ಮರ್ಯಾದೆಗೆ ಹೆದರಿ ಸುಳ್ಳು ಹೇಳಿದವರು. ತೋಟ ಇನ್ನೂ ಅಪ್ಪನ ಹೆಸರಿನಲ್ಲಿದ್ದರೆ ನಲವತ್ತು ದಾಟಿದ ಮಗನಿಗೂ ಐವತ್ತು ಸಾವಿರದ ಕೈಸಾಲ ಬಾಯಿಬಿಡಲು ಧೈರ್ಯ ಸಾಲದು. ಮೊದಲ ಸುಳ್ಳಿಗೆ ಎದೆ ಹೊಡೆದುಕೊಳ್ಳುತ್ತದೆ, ಹತ್ತನೆಯದಕ್ಕೆ ಇಲ್ಲ. 2016ರಲ್ಲಿ ಲಂಡನ್ನಿನ ಸಂಶೋಧಕರು ಮೆದುಳಿನ ಸ್ಕ್ಯಾನ್‌ನಲ್ಲಿ ಕಂಡದ್ದೂ ಇದಕ್ಕೆ ಹತ್ತಿರದ್ದನ್ನೇ: ಸ್ವಂತ ಲಾಭದ ಸುಳ್ಳು ಮರುಕಳಿಸಿದಷ್ಟೂ ಭಾವನೆಗೆ ಮಿಡಿಯುವ ಅಮಿಗ್ಡಲಾ ತಣ್ಣಗಾಗುತ್ತಾ ಬಂತು, ಸುಳ್ಳು ದೊಡ್ಡದಾಗುತ್ತಾ ಹೋಯಿತು.

ಹೆಂಡತಿಯರು ಮೊದಲು ಕೇಳುವುದು, ಮುಖ ನೋಡಿ ಸುಳ್ಳು ಹಿಡಿಯುವುದು ಹೇಗೆ ಅಂತ. ಆಗದ ಮಾತು. 206 ಅಧ್ಯಯನಗಳನ್ನು ಒಟ್ಟು ಸೇರಿಸಿ 2006ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಜನ ನಿಜ-ಸುಳ್ಳನ್ನು ಸರಿಯಾಗಿ ಗುರುತಿಸುವುದು ನೂರಕ್ಕೆ 54 ಸಲ. ನಾಣ್ಯ ಚಿಮ್ಮಿದರೆ 50. ಕೆಲವರು ಸುಳ್ಳುಪತ್ತೆ ಯಂತ್ರದ ಮಾತೂ ಎತ್ತುತ್ತಾರೆ. ಅದನ್ನು ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು ನಮ್ಮದೇ ರಾಜ್ಯ ಪ್ರತಿವಾದಿಯಾಗಿದ್ದ ಸೆಲ್ವಿ ಪ್ರಕರಣದಲ್ಲಿ.

ಇನ್ನು ಆಣೆ. ಬೇಲಿಗೆ ಸಿಗಂದೂರು ದೇವಿಯ ಕಾವಲಿದೆ ಎಂದು ಬೋರ್ಡು ಹಾಕಿ ನಿಶ್ಚಿಂತೆಯಿಂದ ಮಲಗುವ ಜನ ನಾವು, ಆಣೆಯ ಭಾರ ಗೊತ್ತಿಲ್ಲದ್ದಲ್ಲ. ಆದರೆ ಆಣೆ ಹಾಕುವುದು 'ಇನ್ನು ಮುಂದೆ'ಗೆ. ಹಿಂದಿನದನ್ನು ಅದು ತೆರೆಯುವುದಿಲ್ಲ, ಎಷ್ಟೋ ಸಲ ಮುಚ್ಚಿ ಬೀಗ ಹಾಕುತ್ತದೆ. ಹಾಗಾಗಿ ನನ್ನ ಕ್ರಮದಲ್ಲಿ ಸಾಲವನ್ನೆಲ್ಲ ಬರೆದಿಡುವ ಹಾಳೆ ಮೊದಲು, ಆಣೆ ಬೇಕಿದ್ದರೆ ಆಮೇಲೆ.

ಸುಳ್ಳು ಹೇಳಿದವರನ್ನು ಒಬ್ಬರೇ ಎರಡು ಸಲ ಕೂರಿಸುತ್ತೇನೆ. ಹಾಳೆಯಲ್ಲಿ ಎಲ್ಲವೂ ಬರಬೇಕು: ಸೊಸೈಟಿಯ ಬೆಳೆಸಾಲ, ಅಡವಿಟ್ಟ ಚಿನ್ನ, ಸಂಘ, ಚೀಟಿ, ಮಂಡಿ ಮುಂಗಡ, ಕೈಸಾಲ, ಬೇರೆಯವರ ಸಾಲಕ್ಕೆ ನಿಂತ ಜಾಮೀನು. ಈ ಜಾಮೀನನ್ನು ಎಲ್ಲರೂ ಮರೆಯುತ್ತಾರೆ, 'ಅದು ನನ್ನ ಸಾಲ ಅಲ್ವಲ್ಲ' ಅಂತ. ಪ್ರತಿಯೊಂದಕ್ಕೂ ಐದು ಕಾಲಂ: ಯಾರ ಹತ್ತಿರ, ಯಾವಾಗ, ಅಸಲು, ಇವತ್ತಿಗೆ ಬಡ್ಡಿ ಸೇರಿ ಎಷ್ಟು, ಆಗ ಮನೆಯಲ್ಲಿ ಏನಂತ ಹೇಳಿದ್ದೆ. ಕೊನೆಯದನ್ನು ತುಂಬಲು ಪೆನ್ನು ಏಳುವುದಿಲ್ಲ. ಮೊದಲ ದಿನ ಖಾಲಿ ಬಿಟ್ಟರೂ ಸರಿ, ಎರಡನೇ ದಿನ ಬಿಡುವುದಿಲ್ಲ. ಜೊತೆಗೆ ಜಮೀನಿನ ಮೇಲಿನ ಸಾಲ ನಮೂದಾಗುವ ಪಹಣಿಯ 11ನೇ ಕಾಲಂ, ಋಣಭಾರ ಪತ್ರ, ವರ್ಷಕ್ಕೊಮ್ಮೆ ಪುಕ್ಕಟೆ ಸಿಗುವ ಕ್ರೆಡಿಟ್ ವರದಿ ತರಿಸುತ್ತೇನೆ. ಕೈಸಾಲ, ಊರ ಚೀಟಿ ಇವ್ಯಾವುದರಲ್ಲೂ ಕಾಣುವುದಿಲ್ಲ. ಅದಕ್ಕೆ ಅವರ ಬಾಯಿಯೇ ದಾಖಲೆ.

ಇಷ್ಟು ಪಟ್ಟು ಯಾಕೆಂದರೆ ಎಲ್ಲ ಕೆಡುವುದು ಅರ್ಧ ಹೇಳುವುದರಲ್ಲಿ. 'ಇಷ್ಟೇ' ಎಂದು ನಾಲ್ಕು ಲಕ್ಷ ಒಪ್ಪಿಕೊಂಡು, ಮೂರು ವಾರ ಬಿಟ್ಟು ಇಪ್ಪತ್ತು ಸಾವಿರದ್ದೊಂದು ಹೊರಬಿದ್ದರೆ, ಆ ನಾಲ್ಕು ಲಕ್ಷಕ್ಕಿಂತ ಈ ಇಪ್ಪತ್ತು ಸಾವಿರ ಹೆಚ್ಚು ಮುರಿಯುತ್ತದೆ. ಒಪ್ಪಿಕೊಂಡ ಮಾತೂ ಸುಳ್ಳೆಂದಾದ ಮೇಲೆ ಹಿಡಿದುಕೊಳ್ಳಲು ಅವಳಿಗೆ ಏನು ಉಳಿಯಿತು? ಹೇಳಿದವರಿಗೂ ಸುಖವಿಲ್ಲ: ಅರ್ಧ ತಪ್ಪೊಪ್ಪಿಕೊಂಡವರು ಪೂರ್ತಿ ಒಪ್ಪಿಕೊಂಡವರಿಗಿಂತ ಹೆಚ್ಚು ನವೆಯುತ್ತಾರೆಂದು 2014ರ ಒಂದು ಅಧ್ಯಯನ ತೋರಿಸಿತು.

ಹೇಳುವುದು ಬೆಳಿಗ್ಗೆ, ಮಕ್ಕಳು ಶಾಲೆಗೆ ಹೋದ ಮೇಲೆ. ಹಿರಿಯರು ಬೇಡ, 'ಆಯ್ತು ಬಿಡು, ಆಗಿದ್ದಾಯ್ತು' ಎಂದು ಅರ್ಧಕ್ಕೇ ಮುಗಿಸುತ್ತಾರೆ. ಹಾಳೆಯನ್ನು ಓದಬೇಕು, ವಿವರಿಸಬಾರದು. 'ನಿಂಗೆ ಬೇಜಾರಾಗ್ಬಾರ್ದು ಅಂತ ಹೇಳ್ಲಿಲ್ಲ' ಎನ್ನುವುದಕ್ಕೆ ಅವಕಾಶವೇ ಇಲ್ಲ. ಆ ಮಾತು ತಪ್ಪನ್ನು ಕೇಳುವವಳ ತಲೆಗೇ ಕಟ್ಟುತ್ತದೆ. ಅದೇ ದಿನ ಕ್ಷಮೆ ಕೇಳಬಹುದು, ಬೇಡಿ ಪಡೆಯಬಾರದು. ಹೊಡೆತ ಬಡಿತ ಇರುವ ಮನೆಗೆ ಈ ಕ್ರಮವೇ ಬೇಡ, ಅಲ್ಲಿ ಮೊದಲು ಮಹಿಳಾ ಸಹಾಯವಾಣಿ 181. ಸಾಲ ಬಯಲಾದ ರಾತ್ರಿ ಸೂಕ್ಷ್ಮವಾದದ್ದು. ಕಳೆನಾಶಕ, ಕೀಟನಾಶಕದ ಡಬ್ಬಿಗಳನ್ನು ಮೊದಲೇ ಬೇರೆಯವರ ಮನೆಗೆ ಸಾಗಿಸಲು ಹೇಳುತ್ತೇನೆ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದು ಕೊಡುತ್ತೇನೆ.

ಆಮೇಲೆ ಪ್ರಶ್ನೆಗಳ ಮಳೆ. ದುಡ್ಡಿನದ್ದಲ್ಲ, ದಿನಗಳದ್ದು: 'ತಂಗಿ ಮದುವೇಲಿ ನಗ್ತಾ ನಗ್ತಾ ಬಡಿಸ್ತಿದ್ರಲ್ಲ, ಆಗ್ಲೂ ಗೊತ್ತಿತ್ತಾ?' ಸುಳ್ಳು ತಿನ್ನುವುದು ಹಳೆಯ ನೆನಪನ್ನು. ಒಂದೊಂದೇ ದಿನವನ್ನು ತೆಗೆದು ನೋಡದೆ ಅವಳಿಗೆ ಸಮಾಧಾನವಿಲ್ಲ. ಐದನೇ ಕಾಲಂ ಕೆಲಸಕ್ಕೆ ಬರುವುದು ಇಲ್ಲೇ. ವಾರಕ್ಕೆ ಎರಡು ದಿನ, ಅರ್ಧ ಗಂಟೆ. ರಾತ್ರಿ ಹನ್ನೊಂದಕ್ಕೆ ಬೇಡ. ಗೊತ್ತಿದ್ದೂ ಗೊತ್ತಿಲ್ಲದವರಂತೆ ಕೇಳಿ ಪರೀಕ್ಷಿಸುವುದೂ ಬೇಡ, ಅದು ಹೊಸ ಸುಳ್ಳಿಗೆ ತೋಡಿದ ಗುಂಡಿ. 'ಸೊಸೈಟಿಯಿಂದ ನೋಟಿಸ್ ಬಂದದ್ದು ನೋಡ್ದೆ' ಎಂದೇ ಶುರುಮಾಡಲಿ.

ಗಂಡನೇ ಎಂಬಂತೆ ಬರೆದೆ. ಸಂಘದಲ್ಲಿ ಸಾಲ ಎತ್ತಿ ತವರಿಗೆ ಕೊಟ್ಟು ಮುಚ್ಚಿಟ್ಟವರೂ ಬರುತ್ತಾರೆ, ಕ್ರಮ ಅದೇ.

ಪಾಸ್‌ಬುಕ್, ಮಂಡಿಯ ಬಿಲ್ಲು, ಫೋನಿನ ಹಣದ ಮೆಸೇಜು ತಿಂಗಳ ಮೊದಲ ಭಾನುವಾರ ಕೇಳದೆಯೇ ಮೇಜಿನ ಮೇಲೆ ಬರಬೇಕು. ಕೇಳಿದ ಮೇಲೆ ತೋರಿಸಿದ್ದು ಲೆಕ್ಕಕ್ಕಿಲ್ಲ. ಗಡುವು ಮುಂದಿನ ಕೊಯ್ಲಿನ ಅಡಿಕೆ ಮಾರುವವರೆಗೆ. ಗಡುವಿಲ್ಲದಿದ್ದರೆ ಹೆಂಡತಿ ಪೊಲೀಸಾಗುತ್ತಾಳೆ, ಗಂಡ ಇನ್ನೊಂದು ಸಿಮ್ ತರುತ್ತಾನೆ. ಅಪ್ಪ ಅಮ್ಮನಿಗೆ ಹೇಳುವುದು ಎರಡನೇ ವಾರ, ಮೊದಲ ನಾಲ್ಕು ಕಾಲಂ ಮಾತ್ರ. ಅವರಿಗೆ ಹೇಳಿದ್ದ ಸುಳ್ಳುಗಳಿಗೆ ಬೇರೆಯೇ ಹಾಳೆ.