ಫೋನಿನಲ್ಲಿ ‘ಸ್ವಲ್ಪ ನೋವು’ ಅನ್ನಬೇಡಿ: ಇಂಗ್ಲೆಂಡಿಗೆ ಹೊರಟವರಿಗೆ ಹಲ್ಲಿನ ವಿಷಯ

ಇಂಗ್ಲೆಂಡಿನಿಂದ ರಜೆಗೆ ಮಂಗಳೂರಿಗೆ ಬಂದು ಮೂರು ವಾರವಾಯಿತು. ಸೆಪ್ಟೆಂಬರಿನಲ್ಲಿ ಅಲ್ಲಿಗೆ ಓದಲು ಹೊರಡುವ ನಾಲ್ಕು ಮಕ್ಕಳು ಈ ಸಲ ಕದ್ರಿಯ ನಮ್ಮ ಮನೆಗೆ ಬಂದು ಹೋದರು. ಬ್ಯಾಂಕ್ ಖಾತೆ, ರೂಮಿನ ಬಾಡಿಗೆ, ಜಿಪಿ ಅಂದರೆ ಅಲ್ಲಿನ ಸಾಮಾನ್ಯ ವೈದ್ಯರಲ್ಲಿ ನೋಂದಣಿ, ಎಲ್ಲ ಅವರಿಗೆ ಗೊತ್ತುಂಟು. ಹಲ್ಲಿನ ಮಾತೆತ್ತಿದರೆ ಮಾತ್ರ, “ವೀಸಾದೊಟ್ಟಿಗೆ ಹೆಲ್ತ್ ಸರ್ಚಾರ್ಜ್ ಕಟ್ಟಿದ್ದೇವಲ್ಲ ಅಕ್ಕ, ಅದರಲ್ಲೇ ಬರ್ತದೆ” ಅನ್ನುತ್ತಾರೆ. ಬರುವುದಿಲ್ಲ. ಹಲ್ಲಿಗೆ ಬೇರೆ ದುಡ್ಡು. ಕಳೆದ ವರ್ಷ ಹೋದ ಹುಡುಗನೊಬ್ಬ ಹಲ್ಲುನೋವಿಗೆ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಆರು ಗಂಟೆ ಕೂತು, ಎರಡು ಮಾತ್ರೆ ನುಂಗಿ ವಾಪಸಾದ. 2020ರಲ್ಲಿ ನಾನು ಕಳೆದುಕೊಂಡದ್ದು ಆರು ಗಂಟೆಯಲ್ಲ, ಹನ್ನೊಂದು ದಿನ.

ಆಗ ನಡೆದದ್ದು ಇಷ್ಟು. ಮಾರ್ಚ್ 23ಕ್ಕೆ ಅಲ್ಲಿ ಲಾಕ್‌ಡೌನ್ ಘೋಷಣೆಯಾಯಿತು. 25ರಂದು ಇಂಗ್ಲೆಂಡಿನ ಮುಖ್ಯ ದಂತ ಅಧಿಕಾರಿ ಸಾರಾ ಹರ್ಲಿ ಅವರ ಪತ್ರ ಬಂತು: ಮಾಮೂಲಿ ಚಿಕಿತ್ಸೆಯೆಲ್ಲ ನಿಲ್ಲಬೇಕು. ಡ್ರಿಲ್ ತಿರುಗುವಾಗ ನೀರಿನ ಜೊತೆ ಎಂಜಲೂ ಹನಿಹನಿಯಾಗಿ ಗಾಳಿಗೆ ಹಾರುತ್ತದೆ, ಅದರಲ್ಲಿ ವೈರಸ್ ಇರಬಹುದು ಎಂಬುದು ಕಾರಣ. ಕ್ಲಿನಿಕ್ಕುಗಳಿಗೆ ಉಳಿದದ್ದು ಫೋನಿನಲ್ಲಿ ಮಾಡಬಹುದಾದ ಮೂರೇ ಕೆಲಸ: ಸಲಹೆ, ನೋವಿನ ಮಾತ್ರೆ, ಬೇಕಾದರೆ ಆಂಟಿಬಯಾಟಿಕ್. ಇದರಲ್ಲಿ ಗುಣವಾಗದವರನ್ನು ಆಯಾ ಪ್ರದೇಶದ ತುರ್ತು ದಂತಚಿಕಿತ್ಸಾ ಕೇಂದ್ರಕ್ಕೆ ಕಳಿಸುತ್ತಿದ್ದರು. ಅಲ್ಲಿಗೆ ನಾವಾಗಿ ಹೋಗಿ ಬಾಗಿಲು ತಟ್ಟುವಂತಿರಲಿಲ್ಲ. ಕ್ಲಿನಿಕ್ಕಿನವರೋ ಸರಕಾರಿ ಆರೋಗ್ಯ ಸಹಾಯವಾಣಿಯಾದ 111 ಸಂಖ್ಯೆಯವರೋ ಹೆಸರು ಕಳಿಸಬೇಕು. ಅಂದರೆ ಫೋನಿನಲ್ಲಿ ನಾವು ಏನು ಹೇಳುತ್ತೇವೋ ಅದರ ಮೇಲೆಯೇ ಎಲ್ಲ ನಿಂತಿತ್ತು.

ನಾನು ಎಡವಿದ್ದು ಅಲ್ಲೇ.

ಏಪ್ರಿಲ್ ಮೊದಲ ವಾರ ಬಲಗಡೆಯ ಕೆಳದವಡೆ ಹಲ್ಲಿನ ನೋವು ಶುರುವಾಯಿತು. ಡಾಕ್ಟರು ಫೋನ್ ಮಾಡಿ “ನೋವು ಹೇಗಿದೆ?” ಎಂದರು. “ಸ್ವಲ್ಪ ನೋವುಂಟು, ಪರವಾಗಿಲ್ಲ, ತಡೆದುಕೊಳ್ತೇನೆ” ಎಂದೆ. ನಾವು ಬೆಳೆದದ್ದೇ ಹಾಗಲ್ಲವೇ? ದೊಡ್ಡವರ ಎದುರು ನೋವನ್ನು ದೊಡ್ಡದು ಮಾಡಿ ಹೇಳಬಾರದು. ಊರಿನಲ್ಲಿ ಅದರಿಂದ ತೊಂದರೆಯಿಲ್ಲ. ಹಂಪನಕಟ್ಟೆಯ ಕ್ಲಿನಿಕ್ಕಿನಲ್ಲಿ ಕುರ್ಚಿಯ ಮೇಲೆ ಕೂತು “ಸ್ವಲ್ಪ” ಅಂದರೂ ಡಾಕ್ಟರು ಮುಖ ನೋಡುತ್ತಾರೆ, ಕನ್ನಡಿಯ ಹಿಡಿಯಿಂದ ಹಲ್ಲನ್ನೊಮ್ಮೆ ತಟ್ಟುತ್ತಾರೆ, ನಾವು ಬೆಚ್ಚಿಬಿದ್ದದ್ದರಲ್ಲೇ ಅವರಿಗೆ ಗೊತ್ತಾಗುತ್ತದೆ. ಫೋನಿಗೆ ಮುಖ ಕಾಣುವುದಿಲ್ಲ. ಆ ಡಾಕ್ಟರು ನಾನು ಹೇಳಿದ್ದನ್ನೇ ಬರೆದುಕೊಂಡರು: ನೋವು ಕಡಿಮೆ, ಸಹಿಸಬಲ್ಲರು. ತಪ್ಪು ಅವರದ್ದಲ್ಲ.

ಮಾತ್ರೆ ಬಂತು. ನಾಲ್ಕು ದಿನ ಬಿಟ್ಟು ಮತ್ತೆ ಫೋನ್ ಮಾಡಿದೆ, ಮತ್ತೆ ಅದೇ ಮೆದು ಮಾತು. ಈ ಸಲ ಆಂಟಿಬಯಾಟಿಕ್. ಹಲ್ಲಿನೊಳಗಿನ ನರವೇ ಉರಿಯುತ್ತಿರುವಾಗ ಆಂಟಿಬಯಾಟಿಕ್ ನೋವನ್ನು ತಗ್ಗಿಸುವುದಿಲ್ಲ. ಹಲ್ಲನ್ನು ತೆರೆಯಬೇಕು, ಇಲ್ಲವೇ ಕೀಳಬೇಕು. ಉಡುಪಿಯಿಂದ ಅಮ್ಮ ದಿನಕ್ಕೆರಡು ಸಲ ವಿಡಿಯೊ ಕಾಲ್ ಮಾಡಿ ಲವಂಗ ಕಚ್ಚಿಕೋ, ಉಪ್ಪುನೀರು ಮುಕ್ಕಳಿಸು ಅನ್ನುತ್ತಿದ್ದರು. ಹನ್ನೊಂದನೆಯ ರಾತ್ರಿ ಕೆನ್ನೆ ಊದಿ ಬಾಯಿ ಒಂದು ಬೆರಳಿನಷ್ಟೂ ತೆರೆಯಲಿಲ್ಲ. ನನ್ನ ಗಂಡ ನನ್ನ ಕೈಯಿಂದ ಫೋನ್ ತೆಗೆದುಕೊಂಡು 111ಕ್ಕೆ ಹೇಳಿದ್ದು ನಾಲ್ಕೇ ಮಾತು: ಮೂರು ರಾತ್ರಿಯಿಂದ ನಿದ್ದೆಯಿಲ್ಲ, ಮಾತ್ರೆ ತಾಗುತ್ತಿಲ್ಲ, ಮುಖ ಊದಿದೆ, ಬಾಯಿ ತೆರೆಯಲಾಗುತ್ತಿಲ್ಲ. ಮರುದಿನ ಬೆಳಿಗ್ಗೆಯೇ ಕೇಂದ್ರದಲ್ಲಿ ಸಮಯ ಸಿಕ್ಕಿತು.

ಕಾರಿನಲ್ಲೇ ಕೂತು ಫೋನ್ ಮಾಡಬೇಕು, ಒಬ್ಬಳೇ ಒಳಗೆ ಹೋಗಬೇಕು. ಕೋಣೆಯಲ್ಲಿ ಕುರ್ಚಿ ಬಿಟ್ಟರೆ ಏನೂ ಇಲ್ಲ, ಗೋಡೆಯ ಕ್ಯಾಲೆಂಡರನ್ನೂ ತೆಗೆದಿದ್ದರು, ಮೊಳೆ ಮಾತ್ರ ಉಳಿದಿತ್ತು. ಗೌನು, ಬಿಗಿ ಮಾಸ್ಕು, ಅದರ ಮೇಲೆ ಮುಖಗವಚ ಹಾಕಿದ್ದ ಡಾಕ್ಟರ ಮಾತು ಕೇಳಿಸುತ್ತಿರಲಿಲ್ಲ. ಬಿಳಿ ಹಲಗೆಯಲ್ಲಿ ಬರೆದು ತೋರಿಸಿದರು. ಡ್ರಿಲ್ ಹಿಡಿಯುವುದನ್ನು ಆದಷ್ಟು ತಪ್ಪಿಸುತ್ತಿದ್ದ ಕಾಲ, ಹಾಗಾಗಿ ರೂಟ್ ಕೆನಾಲ್ ಇಲ್ಲ. ಹಲ್ಲು ಕಿತ್ತರು. ಮೊದಲ ದಿನವೇ ಸರಿಯಾಗಿ ಹೇಳಿದ್ದರೂ ಆ ಹಲ್ಲು ಉಳಿಯುತ್ತಿರಲಿಲ್ಲವೇನೋ, ಆದರೆ ಆ ಹನ್ನೊಂದು ರಾತ್ರಿಗಳು ಉಳಿಯುತ್ತಿದ್ದವು.

ಜೂನ್ 8ಕ್ಕೆ ಕ್ಲಿನಿಕ್ಕುಗಳು ತೆರೆದವು. ಆದರೆ ಫೋನಿನಲ್ಲಿ ವಿಚಾರಿಸಿ ಕಳಿಸುವ ದಾರಿ ಇಂದಿಗೂ ಉಂಟು. ಎನ್‌ಎಚ್‌ಎಸ್ ಅಂದರೆ ಅಲ್ಲಿನ ಸರಕಾರಿ ಆರೋಗ್ಯ ಸೇವೆಯ ದಂತವೈದ್ಯರು ಸಿಗದೆ ಹೊಸಬರು ಕೊನೆಗೆ ನಿಲ್ಲುವುದು 111ರ ಮುಂದೆಯೇ. ಹಾಗಾಗಿ ಕರೆ ಮಾಡುವ ಮೊದಲು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಎಷ್ಟು ದಿನದಿಂದ, ರಾತ್ರಿ ಎಚ್ಚರವಾಗುತ್ತದೆಯೇ, ಯಾವ ಮಾತ್ರೆ ಎಷ್ಟು ತಗೊಂಡಿರಿ, ಜ್ವರ, ಊತ, ಸಕ್ಕರೆ ಕಾಯಿಲೆ, ಬಸುರಿಯೇ, ಯಾವ ಔಷಧ ಆಗುವುದಿಲ್ಲ. ಇದ್ದದ್ದನ್ನು ಇದ್ದಷ್ಟೇ ಹೇಳಿ, ಕಡಿಮೆ ಮಾಡಬೇಡಿ. ಊತ ಕಣ್ಣಿಗೋ ಕುತ್ತಿಗೆಗೋ ಹಬ್ಬಿದರೆ, ಉಸಿರಿಗೆ ಅಥವಾ ನುಂಗುವುದಕ್ಕೆ ಕಷ್ಟವಾದರೆ ಮಾತ್ರ ಯಾವ ಫೋನಿಗೂ ಕಾಯದೆ ಎಮರ್ಜೆನ್ಸಿಗೆ ಓಡಿ.

ಊರಿನಿಂದ ಡೋಲೊ 650 ಕಟ್ಟಿಕೊಂಡು ಹೋಗುವವರೇ, ದಯವಿಟ್ಟು ಕೇಳಿ. ಅದೂ ಪ್ಯಾರಾಸಿಟಮಾಲೇ, ಒಂದೊಂದು ಮಾತ್ರೆ 650 ಮಿಲಿಗ್ರಾಮ್. ಅಲ್ಲಿನ ಪ್ಯಾರಾಸಿಟಮಾಲ್ ಪೊಟ್ಟಣದ ಮೇಲೆ 24 ಗಂಟೆಯಲ್ಲಿ 8 ಮಾತ್ರೆ ಎಂದಿರುತ್ತದೆ. ಅದು 500 ಮಿಲಿಗ್ರಾಮಿನ ಲೆಕ್ಕ, ಒಟ್ಟು 4 ಗ್ರಾಮ್. ನಮ್ಮದನ್ನು ಎಂಟು ನುಂಗಿದರೆ 5.2 ಗ್ರಾಮ್ ಆಗುತ್ತದೆ. ನೋವಿನ ಭರದಲ್ಲಿ ಎರಡನ್ನೂ ಬೆರೆಸಿ ತಗೊಂಡರೆ ಹಾಳಾಗುವುದು ಯಕೃತ್ತು.

ದುಡ್ಡಿನ ವಿಷಯ: ತುರ್ತು ಚಿಕಿತ್ಸೆಗೆ ಆಗ 22.70 ಪೌಂಡ್, ಈಗ ಇನ್ನೂ ಹೆಚ್ಚು. “ಸ್ಟೂಡೆಂಟ್ ಅಲ್ವಾ” ಎಂದು ಫಾರ್ಮಿನಲ್ಲಿ ಉಚಿತ ಎಂಬಲ್ಲಿ ಗುರುತು ಹಾಕಬೇಡಿ. ಓದುತ್ತಿದ್ದರೂ 19 ತುಂಬಿದ ಮೇಲೆ ಆ ರಿಯಾಯಿತಿಯಿಲ್ಲ; ಸುಳ್ಳಾದರೆ ಶುಲ್ಕದ ಮೇಲೆ 100 ಪೌಂಡ್ ತನಕ ದಂಡ. ಆದಾಯ ಕಡಿಮೆಯಿದ್ದರೆ ಎಚ್‌ಸಿ1 ಎಂಬ ಅರ್ಜಿ ಹಾಕಿ, ಶುಲ್ಕ ಮಾಫಿಯ ಎಚ್‌ಸಿ2 ಪ್ರಮಾಣಪತ್ರ ಪಡೆಯಿರಿ.

ಹಲ್ಲಿನ ಚಿಕಿತ್ಸೆಗೆ ಅಲ್ಲಿಯದೋ ಇಲ್ಲಿಯದೋ, ಯಾವುದು ಮೇಲು ಎಂದು ಎಲ್ಲರೂ ಕೇಳುತ್ತಾರೆ. ಮಾಮೂಲಿ ದಿನಗಳಲ್ಲಿ ನಮ್ಮೂರೇ ಮೇಲು, ಅನುಮಾನವಿಲ್ಲ. ದೇರಳಕಟ್ಟೆಯಿಂದ ಮಣಿಪಾಲದ ತನಕ ಇಷ್ಟು ದಂತ ಕಾಲೇಜುಗಳಿರುವ ಜಿಲ್ಲೆಗಳು ಎಷ್ಟಿವೆ? ಆದರೆ ಅದೇ 2020ರಲ್ಲಿ ತಲಪಾಡಿಯಲ್ಲಿ ಕೇರಳದ ಗಡಿ ಮುಚ್ಚಿ, ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ರಸ್ತೆಯಲ್ಲೇ ನಿಂತರು. ನನಗೆ ತಡವಾಗಿಯಾದರೂ ಒಂದು ದಾರಿಯಿತ್ತು, ಅವರಿಗೆ ಇರಲಿಲ್ಲ.

ಹೊರಡುವ ಮೊದಲು ಇಲ್ಲೇ ಹಲ್ಲು ತೋರಿಸಿ, ಎಕ್ಸ್‌ರೇಯ ಫೋಟೊ ಮೊಬೈಲಿನಲ್ಲಿಟ್ಟುಕೊಳ್ಳಿ. ಅಲ್ಲಿಗೆ ಹೋಗಿ 111ಕ್ಕೆ ಫೋನ್ ಮಾಡಿದ ಮೇಲೆ ವಾಪಸ್ ಬರುವ ಕರೆಗೆ ಹೆಚ್ಚಾಗಿ ನಂಬರೇ ಕಾಣಿಸುವುದಿಲ್ಲ. ನಮ್ಮ ಮಕ್ಕಳು ಮೋಸದ ಕರೆಯೆಂದು ಕಟ್ ಮಾಡುತ್ತಾರೆ. ಆ ದಿನ ಎಲ್ಲ ಕರೆಗಳನ್ನೂ ಎತ್ತಿ.