ಮೀನುಮರಿ ಸಾಗಿಸುವಾಗ ಲವಂಗದ ಎಣ್ಣೆ: ಎಷ್ಟು, ಹೇಗೆ?

ಕಟ್ಲಾ, ರೋಹು ಮರಿ ದೂರ ಒಯ್ಯುವುದಿದ್ದರೆ ಹಿಂದಿನ ದಿನವೇ ಮೇವು ನಿಲ್ಲಿಸಿ. ಹೊಟ್ಟೆ ತುಂಬಿದ ಮರಿ ಚೀಲದ ನೀರನ್ನೇ ಹೊಲಸು ಮಾಡುತ್ತದೆ, ಆಮೇಲೆ ಯಾವ ಔಷಧಿ ಹಾಕಿ ಏನು ಪ್ರಯೋಜನ, ಅಲ್ವಾ?

ದಾರಿಯಲ್ಲಿ ಮರಿಗಳು ಒದ್ದಾಡದೆ ಶಾಂತವಾಗಿರಲಿ ಅಂತ ಹಾಕುವ ಲವಂಗದ ಎಣ್ಣೆಯನ್ನು ಸುಮ್ನೆ ನೀರಿಗೆ ಸುರಿದರೆ ಹನಿಹನಿಯಾಗಿಯೇ ಉಳಿಯುತ್ತದೆ. ಅದಕ್ಕೆ 1 ಎಂಎಲ್ ಎಣ್ಣೆಗೆ 9 ಎಂಎಲ್ ಎಥನಾಲ್ (ಒಂದು ಬಗೆಯ ಆಲ್ಕೋಹಾಲ್, ಬಣ್ಣದ ಥಿನ್ನರ್ ಅಲ್ಲ ಮತ್ತೆ!) ಸೇರಿಸಿ ಚೆನ್ನಾಗಿ ಕುಲುಕಿ, ಅದರಲ್ಲಿ ಅರ್ಧ ಎಂಎಲ್ ಅಷ್ಟೇ ಸಿರಿಂಜಿನಲ್ಲಿ ತೆಗೆದು 10 ಲೀಟರ್ ನೀರಿಗೆ ಬೆರೆಸಿ.

ಮೊದಲು ಈ ನೀರಿನ ಬಕೆಟ್‌ನಲ್ಲಿ ನಾಲ್ಕೈದು ಮರಿ ಬಿಟ್ಟು ಅರ್ಧ ಗಂಟೆ ನೋಡಿ. ಓಡಾಟ ಕಡಿಮೆಯಾಗಿ, ಕಿವಿರು ಆಡುತ್ತಾ, ನೆಟ್ಟಗೆ ನಿಂತಿದ್ದರೆ ಸರಿ. ಹೊಟ್ಟೆ ಮೇಲಾದರೆ ಜಾಸ್ತಿಯಾಗಿದೆ, ತಕ್ಷಣ ಹೊಸ ನೀರಿಗೆ ಬಿಡಿ. ಚೀಲದಲ್ಲಿ ಎಣ್ಣೆ ಬೆರೆಸಿದ ನೀರು ಒಂದು ಪಾಲು, ಆಕ್ಸಿಜನ್ ಎರಡು ಪಾಲು. ತಿನ್ನಲು ಮಾರುವ ಮೀನಿಗೆ ಈ ಎಣ್ಣೆ ಬೇಡವೇ ಬೇಡ.